ಪಂಡಿತಾ ರಮಾಬಾಯಿಯವರು

ಪಂಡಿತಾ ರಮಾಬಾಯಿಯವರ ಪಾಂಡಿತ್ಯವನ್ನೂ ವಿಧವೆಯರಿಗಾಗಿ ಅವರು ಪಟ್ಟ ಶ್ರಮವನ್ನೂ ನಮ್ಮ ವಾಚಕರು ಬಲ್ಲರು. ಅವರ ಕಿವಿಯು ಮಂದವಾಗಿತ್ತೆಂಬುದನ್ನು ಬಲ್ಲವರು ಬಹು ಮಂದಿ ಇರಲಾರರು. ಆದುದರಿಂದ ಅದನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಅವರು 1858ನೆಯ ಇಸವಿಯಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತವನ್ನು ಕಲಿಸಿ ಜನರ ಆಕ್ಷೇಪಣೆಗೆ ಗುರಿಯಾದವರು. ತಾಯಿ ಲಕ್ಷ್ಮೀಬಾಯಿಯವರು ಮಗಳಿಗೆ ಶ್ಲೋಕಗಳನ್ನು ಬಾಯಿಪಾಠವಾಗಿ ಹೇಳಿಕೊಟ್ಟರು. ಆ ಬಾಲಿಕೆಯು ಭಾಗವತದ 18,000 ಶ್ಲೋಕಗಳನ್ನು ಕಂಠಸ್ಥ ಮಾಡಿದಳೆಂದು ಪ್ರತೀತಿ. ಹೀಗೆ ವಿದ್ಯೆಯು ಆಕೆಗೆ ಕಿವಿಯ ಮಾರ್ಗವಾಗಿಯೇ ಬಂದಿತು. ಕ್ಷಾಮದ ಕಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಅಣ್ಣನೊಡನೆ ಕಾಲ್ನಡೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಲು, ಅಲ್ಲಿಯ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಬಳಿಕ ವಿವಾಹವಾಯಿತು, 1882ರಲ್ಲಿ ವೈಧವ್ಯವೂ ಪ್ರಾಪ್ತವಾಯಿತು.

ನಮ್ಮ ಸ್ತ್ರೀಯರಿಗೆ ಸ್ತ್ರೀ ವೈದ್ಯರು ಬೇಕೆಂದು ತಿಳಿದು, ಪುಟ್ಟ ಮಗಳು ಮನೋರಮೆಯನ್ನು ಕರೆದುಕೊಂಡು ರಮಾಬಾಯಿಯವರು 1883ರಲ್ಲಿ ವೈದ್ಯವಿದ್ಯೆಗೆಂದು ಇಂಗ್ಲೆಂಡಿಗೆ ಹೋದರು. ಕಿವಿಯ ದೋಷದಿಂದ ಆ ಆಸೆಯು ಮುರಿದುಬಿದ್ದಿತು. ಕಾಲು ಮುರಿದವನಿಗೆ ನಾವು ಕೈ ನೀಡುತ್ತೇವೆ. ಕಿವಿ ಕೇಳದವರನ್ನಾದರೋ ಮಾತಿಗೆ ಕರೆಯುವುದನ್ನೇ ಮೆಲ್ಲನೆ ಬಿಟ್ಟುಬಿಡುತ್ತೇವೆ. ತುಂಬಿದ ಮನೆಯಲ್ಲಿಯೂ ಅವರು ಒಂಟಿಯಾಗುತ್ತಾರೆ. ರಮಾಬಾಯಿಯವರು ಆ ಮೂಲೆಯಲ್ಲಿ ಕುಳಿತುಕೊಳ್ಳಲಿಲ್ಲ. ಚೆಲ್ಟನ್‌ಹ್ಯಾಮಿನ ಸ್ತ್ರೀ ವಿದ್ಯಾಲಯದಲ್ಲಿ ತಾವೂ ಕಲಿಯುತ್ತ, ಸಂಸ್ಕೃತವನ್ನೂ ಕಲಿಸಿದರು. 1886ರಲ್ಲಿ ಅಮೇರಿಕಾ ದೇಶಕ್ಕೆ ಹೋಗಿ ಅನೇಕ ಸಭೆಗಳಲ್ಲಿ ಭಾಷಣಮಾಡಿದರು.

1889ರಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನವು ಆರಂಭವಾಯಿತು. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಲ್ಲಿ ಹಸಿದ ಹುಡುಗಿಯರನ್ನು ಕಂಡಾಗ, ಹಿಂದೆ ತಾವುಂಡ ಹಸಿವು ಅವರಿಗೆ ನೆನಪಾಯಿತು. ನೂರಾರು ಮಂದಿಯನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವಿನಲ್ಲಿ ಮುಕ್ತಿ ಎಂಬ ಆಶ್ರಮವನ್ನು ಸ್ಥಾಪಿಸಿದರು. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಮಂದಿ ಇದ್ದರು.

ಕೂಳಿಲ್ಲದ ಮನೆಯಲ್ಲಿ ಕಣ್ಣಿಲ್ಲದ ಮಗಳ ಗತಿ ಏನೆಂದು ಹೇಳಬೇಕಾಗಿಲ್ಲ. ಅಂಥವರಿಗೂ ಮುಕ್ತಿಯ ಬಾಗಿಲು ತೆರೆದಿತ್ತು. ಅಂಧ ಸ್ತ್ರೀಯರ ವಾಸಸ್ಥಾನಕ್ಕೆ ಸುವಾರ್ತೆಯ ಕುರುಡ ಬಾರ್ತಿಮಾಯನ ಹೆಸರನ್ನಿಟ್ಟರು. ವೃದ್ಧೆಯರಿಗೂ ಅಶಕ್ತರಿಗೂ ಆಶ್ರಯವಿತ್ತು. ಅನ್ನವಸ್ತ್ರಗಳನ್ನು ಕೊಟ್ಟು ಸುಮ್ಮನಿರಿಸುವುದು ಸುಲಭ. ಧರ್ಮಛತ್ರಗಳು ಅಷ್ಟನ್ನು ಮಾಡುತ್ತವೆ. ಇಲ್ಲಿಯಾದರೋ ಮನೋರಮೆಯವರು ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿತು ಬಂದು ಅಂಧರಿಗೆ ಹೇಳಿಕೊಟ್ಟರು. ಅವರಿಗೆ ಕೈಕೆಲಸಗಳನ್ನೂ ಕಲಿಸಿದರು. ನೇಯ್ಗೆ, ಮುದ್ರಣ, ಬೇಸಾಯಗಳು ನಡೆಯುತ್ತಿದ್ದ ಆ ಊರಿನಂಥ ಆಶ್ರಮದಲ್ಲಿ ಕಣ್ಣಿಲ್ಲದವರಿಗೂ ಕೆಲಸವಿತ್ತು, ಪುಸ್ತಕವಿತ್ತು, ಒಡನಾಡಿಗಳಿದ್ದರು. ಕನಿಕರಕ್ಕಿಂತ ಇದು ದೊಡ್ಡದೆಂದು ನಮಗೆ ತೋರುತ್ತದೆ.

ಮನೋರಮೆಯವರು 1912ರಲ್ಲಿ ನಮ್ಮ ಗುಲ್ಬರ್ಗದಲ್ಲಿಯೂ ಬಾಲಿಕೆಯರಿಗಾಗಿ ಒಂದು ಶಾಲೆಯನ್ನು ತೆರೆದರು. ತಾಯಿಯ ತರುವಾಯ ಮುಕ್ತಿಯ ಭಾರವನ್ನು ಹೊರಬೇಕಾದವರು ಅವರೇ. ಆದರೆ 1921ರ ಜುಲೈ ತಿಂಗಳಲ್ಲಿ, 40ನೆಯ ವಯಸ್ಸಿನಲ್ಲಿ, ತಾಯಿಗಿಂತ ಮೊದಲೇ ಮಗಳು ತೀರಿಹೋದರು. ಬೈಬಲನ್ನು ಮೂಲಭಾಷೆಗಳಿಂದ ಮರಾಠಿಗೆ ತರುವ ಕೆಲಸವನ್ನು ತಾಯಿ ಆಗಲೂ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಕೇಡಗಾಂವಿನಲ್ಲಿಯೇ ಅವರು ಕಣ್ಮುಚ್ಚಿದರು.