ಲಾಲ್‌ಬಾಗ್‌ನಿಂದ ಮನೆಯಂಗಳಕ್ಕೆ: ಜಿ.ಹೆಚ್. ಕೃಂಬಿಗಲ್ (1865-1956) ಜೀವನ ಪರಿಚಯ

ಪೀಠಿಕೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಮನೆಗಳ ಮುಂದೆ ಹೂವಿನ ಗಿಡಗಳಷ್ಟೇ ಪ್ರಮಾಣದಲ್ಲಿ ಎಲೆಯ ಅಂದಕ್ಕಾಗಿ ಬೆಳೆಸುವ ಗಿಡಗಳೂ ಕಂಡುಬರುತ್ತವೆ. ಕಟ್ಟೆಯ ಪಕ್ಕದ ಕ್ರೋಟನ್, ಜಗುಲಿಯ ನೆರಳಿನಲ್ಲಿರುವ ಡಿಫೆನ್‌ಬೇಕಿಯಾ, ಮಳೆಗಾಲದಲ್ಲಿ ಚಿಗುರುವ ಕೆಲೇಡಿಯಂ ಮತ್ತು ಹಳೆಯ ಡಬ್ಬಿಯಲ್ಲಿಯೂ ಸೊಂಪಾಗಿ ಬೆಳೆಯುವ ಕೋಲಿಯಸ್ ಇವುಗಳಲ್ಲಿ ಪ್ರಮುಖವಾದವು. ಇತ್ತೀಚಿನ ವರ್ಷಗಳಲ್ಲಿ ವಿದೇಶಿ ತೋಟಗಳ ಚಿತ್ರಗಳನ್ನು ನೋಡಿ ಹೋಸ್ಟಾದಂತಹ ಶೀತವಲಯದ ಎಲೆಗಿಡಗಳನ್ನು ಬೆಳೆಸಲು ಬಯಸುವವರೂ ಇದ್ದಾರೆ. ಯಾವ ಗಿಡ ಯಾವ ನೆಲಕ್ಕೆ ಸೂಕ್ತ ಎಂಬ ಪ್ರಶ್ನೆ ಇಲ್ಲಿ ಉದ್ಭವಿಸುತ್ತದೆ. ಈ ಪ್ರಶ್ನೆಯನ್ನೇ ತಮ್ಮ ವೃತ್ತಿಜೀವನದ ಕಾರ್ಯವನ್ನಾಗಿ ಮಾಡಿಕೊಂಡ ಹಾಗೂ ಅರಮನೆಯ ಉದ್ಯಾನಗಳ ವಿದ್ಯೆಯನ್ನು ಸಾಮಾನ್ಯ ನಾಗರಿಕರ ಅಂಗಳಕ್ಕೆ ತಲುಪಿಸಲು ಶ್ರಮಿಸಿದ ಶ್ರೀ ಗುಸ್ತಾವ್ ಹರ್ಮನ್ ಕೃಂಬಿಗಲ್‌ರವರ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಶಿಕ್ಷಣ

ಕೃಂಬಿಗಲ್‌ರವರು 1865ರ ಡಿಸೆಂಬರ್ 18ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡೆನ್ ನಗರದ ಸಮೀಪವಿರುವ ಲೋಮೆನ್ ಎಂಬ ಊರಿನಲ್ಲಿ ಜನಿಸಿದರು. ಪ್ರಾಥಮಿಕ ಶಿಕ್ಷಣದ ನಂತರ ಪಿಲ್‌ನಿಟ್ಸ್‌ನಲ್ಲಿ ತೋಟಗಾರಿಕೆಯ ತರಬೇತಿ ಪಡೆದರು. ಪಿಲ್‌ನಿಟ್ಸ್ ಸ್ಯಾಕ್ಸನಿಯ ಅರಸರ ಬೇಸಿಗೆ ಅರಮನೆ ಇದ್ದ ಸ್ಥಳವಾಗಿದ್ದು, ಅಲ್ಲಿನ ಉದ್ಯಾನವು ದೂರದೇಶಗಳಿಂದ ತಂದ ಸಸ್ಯಗಳಿಗೆ ಹೆಸರಾಗಿತ್ತು. ಬಳಿಕ ಅವರು ಜರ್ಮನಿಯ ಇತರ ಊರುಗಳಲ್ಲಿ ಉದ್ಯಾನದ ಕೆಲಸವನ್ನು ನಿರ್ವಹಿಸಿ ಅನುಭವ ಗಳಿಸಿದರು.

ಆ ಕಾಲದ ಜರ್ಮನಿಯಲ್ಲಿ ಹೋಸ್ಟಾ ಗಿಡವನ್ನು ಫಂಕಿಯಾ ಎಂಬ ಹೆಸರಿನಿಂದ ಗುರುತಿಸಲಾಗುತ್ತಿತ್ತು. ಚೀನಾ, ಜಪಾನ್ ಮತ್ತು ಕೊರಿಯಾ ಮೂಲದ ಈ ಗಿಡವು ಯುರೋಪಿನ ನೆರಳಿನ ಪಾತಿಗಳಲ್ಲಿ ಯಾವ ಆಸರೆಯೂ ಇಲ್ಲದೆ ಬೆಳೆಯುತ್ತಿತ್ತು. ಅದೇ ಯುರೋಪಿನಲ್ಲಿ ಕ್ರೋಟನ್ ಮತ್ತು ಕೆಲೇಡಿಯಂಗಳು ಶ್ರೀಮಂತರ ಸ್ವತ್ತಾಗಿದ್ದವು. ಉಷ್ಣವಲಯದ ಈ ಗಿಡಗಳನ್ನು ಚಳಿಯಿಂದ ಕಾಪಾಡಲು ಗಾಜಿನ ಮನೆ ಕಟ್ಟಿ, ಒಳಗೆ ಬಿಸಿ ಹಬೆ ಹಾಯಿಸಬೇಕಾಗಿತ್ತು.

ಇಂಗ್ಲೆಂಡಿನಲ್ಲಿ ಸೇವೆ

1888ರಲ್ಲಿ ಕೃಂಬಿಗಲ್‌ರವರು ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಪಾತಿಗಳ ವಿನ್ಯಾಸದ ಕಾರ್ಯ ನಿರ್ವಹಿಸಿ, ತದನಂತರ ಜಗತ್ಪ್ರಸಿದ್ಧವಾದ ಕ್ಯೂ ಸಸ್ಯೋದ್ಯಾನದಲ್ಲಿ ಸೇವೆಗೆ ಸೇರಿದರು. ಆ ಅವಧಿಯಲ್ಲಿ ಇಂಗ್ಲೆಂಡಿನ ಉದ್ಯಾನಗಳಲ್ಲಿ ರತ್ನಗಂಬಳಿಯಂತೆ ಕಾಣುವ ಪಾತಿಗಳನ್ನು ರಚಿಸುವ ಪದ್ಧತಿ ಜನಪ್ರಿಯವಾಗಿತ್ತು. ಕೆಂಪು, ಹಳದಿ ಮತ್ತು ನೇರಳೆ ಎಲೆಗಳ ಆಲ್ಟರ್ನಾಂಥೆರಾ, ಕೋಲಿಯಸ್ ಮುಂತಾದ ಗಿಡಗಳನ್ನು ಒತ್ತಾಗಿ ನೆಟ್ಟು, ಒಂದೇ ಎತ್ತರಕ್ಕೆ ಕತ್ತರಿಸಿ ಚಿತ್ತಾರ ಮೂಡಿಸಲಾಗುತ್ತಿತ್ತು. ಹೂವು ಕೆಲವೇ ದಿನ ಇರುತ್ತದೆ, ಎಲೆಯ ಬಣ್ಣ ತಿಂಗಳುಗಟ್ಟಲೆ ಉಳಿಯುತ್ತದೆ ಎಂಬ ಲೆಕ್ಕಾಚಾರ ಈ ಪದ್ಧತಿಯ ಹಿಂದಿತ್ತು. ಇಂದಿಗೂ ನಮ್ಮ ನಗರಗಳ ಉದ್ಯಾನಗಳ ಅಂಚುಗಳಲ್ಲಿ ಕಾಣುವ ಕೆಂಪು ಹಸಿರು ಗಿಡಗಳ ಸಾಲುಗಳು ಇದೇ ಪದ್ಧತಿಯ ಮುಂದುವರಿಕೆಯಾಗಿವೆ.

ಬರೋಡಾ ಸಂಸ್ಥಾನ

1893ರಲ್ಲಿ ಬರೋಡಾ ಸಂಸ್ಥಾನದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರ ಆಡಳಿತದಲ್ಲಿ ಕೃಂಬಿಗಲ್‌ರವರಿಗೆ ಉದ್ಯಾನಗಳ ಉಸ್ತುವಾರಿಯನ್ನು ವಹಿಸಲಾಯಿತು. ಶೀತಪ್ರದೇಶದಲ್ಲಿ ಹುಟ್ಟಿ ಬೆಳೆದು ತರಬೇತಿ ಪಡೆದ ತೋಟಗಾರನಿಗೆ ಇದು ಹೊಸ ಪಾಠಶಾಲೆಯಾಯಿತು. ಇಲ್ಲಿ ಗಿಡಕ್ಕೆ ಚಳಿಯ ಭಯವಿರಲಿಲ್ಲ. ಬೇಸಿಗೆಯ ಬಿಸಿಲು, ನೀರಿನ ಕೊರತೆ ಹಾಗೂ ಒಮ್ಮೆಲೇ ಸುರಿಯುವ ಮಳೆಯನ್ನು ತಾಳಿಕೊಳ್ಳುವ ಗಿಡಗಳನ್ನು ಆರಿಸಬೇಕಾಗಿತ್ತು. ಯುರೋಪಿನಲ್ಲಿ ಗಾಜಿನ ಮನೆಯಲ್ಲಿಟ್ಟು ಕಾಪಾಡುತ್ತಿದ್ದ ಗಿಡಗಳು ಇಲ್ಲಿ ಬಯಲಿನಲ್ಲಿಯೇ ಬೆಳೆಯುತ್ತಿದ್ದವು. ಅಲ್ಲಿ ಬಯಲಿನಲ್ಲಿ ಬೆಳೆಯುತ್ತಿದ್ದ ಅನೇಕ ಗಿಡಗಳಿಗೆ ಇಲ್ಲಿ ಬದುಕುವುದೇ ಕಷ್ಟವಾಗಿತ್ತು. ಬರೋಡಾದಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ಸಲ್ಲಿಸಿದ ಸೇವೆಯು ಅವರ ಮುಂದಿನ ಕಾರ್ಯಕ್ಕೆ ಭದ್ರವಾದ ತಳಹದಿಯಾಯಿತು.

ಮೈಸೂರು ಸಂಸ್ಥಾನದ ಸೇವೆಗೆ

ಬೆಂಗಳೂರಿನ ಲಾಲ್‌ಬಾಗ್ 1760ರಲ್ಲಿ ಹೈದರ್ ಅಲಿಯಿಂದ ಆರಂಭಗೊಂಡು, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿ ರೂಪುಗೊಂಡಿತ್ತು. 1874ರಿಂದ ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್‌ರವರ ಅವಧಿಯಲ್ಲಿ ಗಾಜಿನ ಮನೆಯ ನಿರ್ಮಾಣವಾಗಿ, ಸೀಮೆಬದನೆ ಮೊದಲಾದ ಹೊಸ ಬೆಳೆಗಳು ಪರಿಚಯವಾಗಿದ್ದವು. ಅವರ ನಂತರ 1908ರಲ್ಲಿ ಆ ಹುದ್ದೆಗೆ ಕೃಂಬಿಗಲ್‌ರವರನ್ನು ನೇಮಿಸಲು ನಾಲ್ವಡಿ ಕೃಷ್ಣರಾಜ ಒಡೆಯರ್‌ರವರು ತೀರ್ಮಾನಿಸಿದರು. ಜರ್ಮನ್ ವ್ಯಕ್ತಿಯೊಬ್ಬರ ನೇಮಕಕ್ಕೆ ಬ್ರಿಟಿಷ್ ಅಧಿಕಾರಿಗಳಿಂದ ಆಕ್ಷೇಪ ವ್ಯಕ್ತವಾದಾಗ್ಯೂ ಮಹಾರಾಜರು ತಮ್ಮ ತೀರ್ಮಾನವನ್ನು ಬದಲಿಸಲಿಲ್ಲ. ಹುಟ್ಟಿದ ದೇಶಕ್ಕಿಂತ ಕೆಲಸದ ಅರ್ಹತೆಯನ್ನೇ ಪರಿಗಣಿಸಿದ ಈ ನೇಮಕವು ನಾಡಿನ ತೋಟಗಾರಿಕೆಯ ದಿಕ್ಕನ್ನು ನಿರ್ಧರಿಸಿತು.

ಲಾಲ್‌ಬಾಗ್‌ನಲ್ಲಿ ಅವರು ವಿದೇಶಿ ಸಸ್ಯೋದ್ಯಾನಗಳೊಂದಿಗೆ ಬೀಜ ಹಾಗೂ ಸಸಿಗಳ ವಿನಿಮಯವನ್ನು ವಿಸ್ತರಿಸಿದರು. ಹೊರಗಿನಿಂದ ಬಂದ ಸಸ್ಯವು ಇಲ್ಲಿನ ಹವೆಗೆ ಹೊಂದಿಕೊಂಡು ಬೆಳೆದ ಮೇಲೆಯೇ ಜನರ ಕೈಸೇರಬೇಕು ಎಂಬುದು ಇಂತಹ ಸಸ್ಯೋದ್ಯಾನದ ಕಾರ್ಯಕ್ರಮವಾಗಿತ್ತು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿಯ ಮರದ ಹೂವು ಮುಗಿಯುವ ಹೊತ್ತಿಗೆ ಮತ್ತೊಂದು ಜಾತಿಯ ಮರ ಹೂಬಿಡುವಂತೆ ಸಾಲುಮರಗಳನ್ನು ಯೋಜಿಸಿದ ಕೀರ್ತಿಯೂ ಕೃಂಬಿಗಲ್‌ರವರಿಗೆ ಸಲ್ಲುತ್ತದೆ. ಉದ್ಯಾನ ಎಂಬುದು ಬೇಲಿಯೊಳಗಿನ ಸೊತ್ತಲ್ಲ, ದಾರಿಹೋಕನಿಗೂ ಅದರ ಪಾಲು ಸಲ್ಲಬೇಕು ಎಂಬ ಆಶಯವನ್ನು ಈ ಯೋಜನೆಯಲ್ಲಿ ಕಾಣಬಹುದಾಗಿದೆ.

ಮನೆತೋಟಗಳಿಗೆ ಪ್ರೋತ್ಸಾಹ

1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘವನ್ನು ಸ್ಥಾಪಿಸಲಾಯಿತು. ಇದರ ಸ್ಥಾಪನೆಯಲ್ಲಿ ಕೃಂಬಿಗಲ್‌ರವರ ಪಾತ್ರ ಪ್ರಮುಖವಾದುದು. ಅದುವರೆಗೆ ಅಲಂಕಾರಿಕ ಗಿಡಗಳು ಅರಮನೆ, ಬಂಗಲೆ ಹಾಗೂ ಸರ್ಕಾರಿ ಉದ್ಯಾನಗಳಲ್ಲಿಯೇ ಹೆಚ್ಚಾಗಿದ್ದವು. ಫಲಪುಷ್ಪ ಪ್ರದರ್ಶನಗಳ ಮೂಲಕ ಸಾಮಾನ್ಯ ಮನೆಯವರೂ ತಾವು ಬೆಳೆಸಿದ ಗಿಡಗಳನ್ನು ಹತ್ತು ಜನರ ಮುಂದೆ ಇಡುವ ಅವಕಾಶ ದೊರೆಯಿತು. ಪ್ರದರ್ಶನದಲ್ಲಿ ಕುಂಡದ ಗಿಡವನ್ನು ಅದರ ಆರೋಗ್ಯ, ಆಕಾರ ಹಾಗೂ ಎಲೆಯ ಬಣ್ಣ ನೋಡಿ ಬೆಲೆಕಟ್ಟಲಾಗುತ್ತದೆ. ಬೆಳೆಸಿದವರ ಅಂತಸ್ತನ್ನು ನೋಡಿ ಅಲ್ಲ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ಲಾಲ್‌ಬಾಗ್‌ನಲ್ಲಿ ನಡೆಯುವ ಪ್ರದರ್ಶನಗಳು ಈ ಪರಂಪರೆಯನ್ನು ಮುಂದುವರಿಸಿವೆ.

ಯುದ್ಧದ ವರ್ಷಗಳು

ಕೃಂಬಿಗಲ್‌ರವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದಾಗಲೇ ಮೊದಲನೆಯ ಮಹಾಯುದ್ಧ (1914-18) ನಡೆದು, ಬ್ರಿಟಿಷ್ ಆಳ್ವಿಕೆಯಲ್ಲಿ ಜರ್ಮನರೆಲ್ಲರೂ ಸಂಶಯಕ್ಕೆ ಗುರಿಯಾದರು. ಎರಡನೆಯ ಮಹಾಯುದ್ಧ ಆರಂಭವಾದಾಗ, ನಿವೃತ್ತರಾಗಿ ಎಪ್ಪತ್ತು ದಾಟಿದ್ದ ಅವರನ್ನು ಶತ್ರುದೇಶದವರೆಂದು ಪರಿಗಣಿಸಿ ಬಂಧನ ಶಿಬಿರದಲ್ಲಿ ಇರಿಸಲಾಯಿತು. ಎರಡು ದಶಕಗಳಿಗೂ ಹೆಚ್ಚು ಕಾಲ ನೆರಳು ನೀಡುವ ಮರಗಳನ್ನು ನೆಡಿಸಿದ ನಗರದ ಕಡತಗಳಲ್ಲಿಯೇ ಅವರು ಪರಕೀಯರಾದರು. ಆದಾಗ್ಯೂ ಬಿಡುಗಡೆಯ ನಂತರ ಅವರು ಹುಟ್ಟೂರಿಗೆ ಹಿಂದಿರುಗದೆ ಬೆಂಗಳೂರಿನಲ್ಲಿಯೇ ನೆಲೆಸಿದರು. ಬೇರೆ ನೆಲದಿಂದ ಬಂದ ಸಸ್ಯಗಳನ್ನು ಇಲ್ಲಿ ಬೇರೂರಿಸಿದ ವ್ಯಕ್ತಿ ತಾವೂ ಈ ನೆಲದಲ್ಲಿಯೇ ಬೇರೂರಿದರು.

ನಿವೃತ್ತಿ, ಉತ್ತರಾಧಿಕಾರಿಗಳು ಮತ್ತು ನಿಧನ

1932ರಲ್ಲಿ ಅವರು ಸರ್ಕಾರಿ ಸೇವೆಯಿಂದ ನಿವೃತ್ತರಾದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್‌ರವರ ಆಸಕ್ತಿಯಿಂದ ಕೃಷ್ಣರಾಜಸಾಗರದ ಬಳಿ ರೂಪುಗೊಂಡ ಬೃಂದಾವನ ಉದ್ಯಾನದ ವಿನ್ಯಾಸದಲ್ಲಿಯೂ ಅವರ ಕೊಡುಗೆ ಇದೆ. ನಿವೃತ್ತಿಯ ನಂತರವೂ ಉದ್ಯಾನ ಹಾಗೂ ನಗರ ನಿರ್ಮಾಣದ ವಿಷಯಗಳಲ್ಲಿ ಸಲಹೆ ನೀಡುತ್ತಿದ್ದರು. ಅವರ ನಂತರ ಶ್ರೀ ಹೆಚ್.ಸಿ. ಜವರಾಯರವರು ಲಾಲ್‌ಬಾಗ್‌ನ ಹೊಣೆ ವಹಿಸಿಕೊಂಡರು. ಮುಂದೆ ಡಾ. ಎಂ.ಹೆಚ್. ಮರಿಗೌಡರವರು ಆ ಪರಂಪರೆಯನ್ನು ಬೆಳೆಸಿದರು. 1963ರಲ್ಲಿ ತೋಟಗಾರಿಕೆ ಇಲಾಖೆಯು ಪ್ರತ್ಯೇಕ ಇಲಾಖೆಯಾದಾಗ ಡಾ. ಮರಿಗೌಡರವರೇ ಅದರ ನಿರ್ದೇಶಕರಾಗಿ, ತೋಟಗಾರಿಕೆಯನ್ನು ರಾಜ್ಯದ ಎಲ್ಲ ಭಾಗಗಳಿಗೂ ವಿಸ್ತರಿಸಿದರು.

ಕೃಂಬಿಗಲ್‌ರವರು 1956ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರನ್ನು ಇಡಲಾಗಿದೆ. ಅವರು ನಿಧನರಾದಾಗ ಧಾರವಾಡ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿತ್ತು. ಅದೇ ವರ್ಷದ ನವೆಂಬರ್ 1ರಂದು ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ, ಲಾಲ್‌ಬಾಗ್‌ನಲ್ಲಿ ಬೆಳೆದುಬಂದ ಸಂಸ್ಥೆಯ ಸೇವೆಗಳು ಈ ಭಾಗದ ನಾಗರಿಕರಿಗೂ ಲಭ್ಯವಾಗುವ ಮಾರ್ಗ ತೆರೆಯಿತು. ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆಯನ್ನು ನೋಡಿದವರಿಗೆ ಲಾಲ್‌ಬಾಗ್‌ನ ಗಾಜಿನ ಮನೆ ನೆನಪಾಗುವುದು ಸಹಜ.

ಅವಳಿ ನಗರದ ಮನೆತೋಟಕ್ಕೆ ಸೂಕ್ತ ಎಲೆಗಿಡಗಳು

ನೆಲ ಮತ್ತು ಹವೆಯನ್ನು ನೋಡಿ ಗಿಡವನ್ನು ಆರಿಸಬೇಕೆಂಬುದು ಕೃಂಬಿಗಲ್‌ರವರ ವೃತ್ತಿಜೀವನದಿಂದ ದೊರೆಯುವ ಮುಖ್ಯ ಪಾಠ. ಇದನ್ನು ಅವಳಿ ನಗರಕ್ಕೆ ಅನ್ವಯಿಸಿದಾಗ ಕೆಳಕಂಡ ಅಂಶಗಳು ಗಮನಾರ್ಹವಾಗಿವೆ.

ಹೋಸ್ಟಾ: ಹಸಿರು, ಹಳದಿ, ಮೇಣದ ಪುಡಿ ಲೇಪಿಸಿದಂತೆ ಕಾಣುವ ನೀಲಿ ಛಾಯೆ ಹಾಗೂ ಬಿಳಿ ಅಂಚಿನ ಎಲೆಗಳ ಸಾವಿರಾರು ತಳಿಗಳು ಇದರಲ್ಲಿವೆ. ಆದರೆ ಚಳಿಗಾಲದಲ್ಲಿ ಹಲವು ವಾರಗಳ ಕಾಲ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ದೊರೆತು ಗಿಡ ವಿಶ್ರಾಂತಿ ಪಡೆದರೆ ಮಾತ್ರ ಮರುವರ್ಷ ಚೆನ್ನಾಗಿ ಚಿಗುರುತ್ತದೆ. ಧಾರವಾಡದ ಚಳಿಗಾಲದಲ್ಲಿ ಅಂತಹ ಚಳಿ ಇರುವುದಿಲ್ಲ. ಹಣ ತೆತ್ತು ತರಿಸಿದ ಗಿಡ ವರ್ಷದಿಂದ ವರ್ಷಕ್ಕೆ ಕುಗ್ಗುವ ಸಂಭವವೇ ಹೆಚ್ಚು.

ಕ್ರೋಟನ್: ಎಲೆಯ ಆಕಾರದಲ್ಲಿ ಇದರಷ್ಟು ವೈವಿಧ್ಯವಿರುವ ಗಿಡಗಳು ವಿರಳ. ಅಗಲ ಎಲೆ, ರಿಬ್ಬನ್ನಿನಂತಹ ಕಿರಿದಾದ ಎಲೆ, ಸುರುಳಿಯಾಗಿ ತಿರುಚಿದ ಎಲೆ, ಮೂರು ಹಾಲೆಗಳ ಎಲೆ ಹಾಗೂ ನಡುವೆ ನರ ಮಾತ್ರ ಉಳಿದು ಎರಡು ತುಂಡಾದಂತೆ ಕಾಣುವ ಎಲೆ ಎಂಬ ಬಗೆಗಳನ್ನು ಗುರುತಿಸಲಾಗಿದೆ. ಬಿಸಿಲು ಸಾಕಷ್ಟು ದೊರೆತರೆ ಬಣ್ಣ ಗಾಢವಾಗುತ್ತದೆ. ಪೂರ್ಣ ನೆರಳಿನಲ್ಲಿ ಎಲೆಗಳು ಹಸಿರಿಗೆ ತಿರುಗುತ್ತವೆ. ಮಳೆಗಾಲದಲ್ಲಿ ಗೂಟಿ ವಿಧಾನದಿಂದ ಅಥವಾ ಕಾಂಡದ ತುಂಡುಗಳಿಂದ ಸಸ್ಯಾಭಿವೃದ್ಧಿ ಮಾಡಬಹುದು.

ಕೆಲೇಡಿಯಂ: ಹೋಸ್ಟಾದ ಅಂದವನ್ನು ಬಯಸುವವರಿಗೆ ಇದು ಸಮೀಪದ ಪರ್ಯಾಯ. ಹೃದಯಾಕಾರದ ಎಲೆಗಳ ಮೇಲೆ ಬಿಳಿ, ಗುಲಾಬಿ ಮತ್ತು ಕೆಂಪು ಚಿತ್ತಾರವಿರುತ್ತದೆ. ಗಡ್ಡೆಯಿಂದ ಬೆಳೆಯುವ ಈ ಗಿಡ ನೆರಳು ಹಾಗೂ ತೇವವನ್ನು ಬಯಸುತ್ತದೆ. ಚಳಿಗಾಲದಲ್ಲಿ ಎಲೆ ಒಣಗಿದಾಗ ಗಿಡ ಸತ್ತಿತೆಂದು ಎಸೆಯಬಾರದು. ನೀರು ನಿಲ್ಲಿಸಿ ಗಡ್ಡೆಯನ್ನು ಒಣ ಸ್ಥಳದಲ್ಲಿಟ್ಟರೆ ಮುಂಗಾರಿನ ಹೊತ್ತಿಗೆ ಮತ್ತೆ ಚಿಗುರುತ್ತದೆ.

ಕೋಲಿಯಸ್: ಕಡಿಮೆ ಖರ್ಚಿನಲ್ಲಿ ಬೆಳೆಸಬಹುದಾದ ಗಿಡ. ತುದಿಯ ತುಂಡುಗಳು ಸುಲಭವಾಗಿ ಬೇರು ಬಿಡುತ್ತವೆ. ಹೂಗೊಂಚಲು ಕಾಣಿಸಿದ ಕೂಡಲೇ ಚಿವುಟಿದರೆ ಎಲೆಗಳು ಸೊಂಪಾಗುತ್ತವೆ.

ಧಾರವಾಡದ ಪಶ್ಚಿಮ ಭಾಗದ ಮಸಾರಿ ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುವುದರಿಂದ ಈ ಗಿಡಗಳು ನೆಲದಲ್ಲಿಯೇ ಚೆನ್ನಾಗಿ ಬರುತ್ತವೆ. ಹುಬ್ಬಳ್ಳಿ ಕಡೆಯ ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುವ ಸಂಭವವಿರುವುದರಿಂದ ಕೆಂಪು ಮಣ್ಣು, ಮರಳು ಹಾಗೂ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿದ ಕುಂಡಗಳಲ್ಲಿ ಬೆಳೆಸುವುದು ಸೂಕ್ತ. ಡಿಫೆನ್‌ಬೇಕಿಯಾ ಮತ್ತು ಕೆಲೇಡಿಯಂ ಎಲೆಗಳನ್ನು ಅಗಿದರೆ ಬಾಯಿ ಹಾಗೂ ಗಂಟಲು ಊದಿಕೊಳ್ಳುತ್ತವೆ. ಕ್ರೋಟನ್ ಹಾಲು ಕೆಲವರ ಚರ್ಮಕ್ಕೆ ತುರಿಕೆ ಉಂಟುಮಾಡುತ್ತದೆ. ಆದುದರಿಂದ ಚಿಕ್ಕ ಮಕ್ಕಳು ಹಾಗೂ ಸಾಕುಪ್ರಾಣಿಗಳಿರುವ ಮನೆಗಳಲ್ಲಿ ಇವುಗಳನ್ನು ಕೈಗೆಟುಕದಂತೆ ಇಡತಕ್ಕದ್ದು.

ಸಮಾರೋಪ

ಎಲೆಗಿಡಕ್ಕೆ ದೊಡ್ಡ ತೋಟವಾಗಲಿ, ಹೆಚ್ಚಿನ ಹಣವಾಗಲಿ ಬೇಕಿಲ್ಲ. ನೆರೆಮನೆಯವರು ಕೊಟ್ಟ ಒಂದು ಕ್ರೋಟನ್ ತುಂಡು ಮರುವರ್ಷ ಮತ್ತೊಬ್ಬರಿಗೆ ಕೊಡುವ ತಾಯಿಗಿಡವಾಗುತ್ತದೆ. ಅರಮನೆಯ ಪಾತಿಗಳಿಂದ ಬೀದಿಬದಿಗೂ, ಬೀದಿಬದಿಯಿಂದ ಮನೆಯ ಕಟ್ಟೆಗೂ ಹಸಿರನ್ನು ತಲುಪಿಸಿದ ಕಾರ್ಯದಲ್ಲಿ ಕೃಂಬಿಗಲ್‌ರವರ ಪಾಲು ದೊಡ್ಡದು. ಅವರನ್ನು ಶತ್ರುವೆಂದು ಗುರುತಿಸಿದ ಆಡಳಿತ ಇಂದು ಇಲ್ಲ. ಫಲಪುಷ್ಪ ಪ್ರದರ್ಶನದ ಪರಂಪರೆ ಇಂದಿಗೂ ನಡೆದಿದೆ. ಮನೆತೋಟದ ಬಗ್ಗೆ ಹೆಚ್ಚಿನ ಮಾಹಿತಿ ಬಯಸುವ ನಾಗರಿಕರು ತಮ್ಮ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ತಮ್ಮ ಮನೆಯಂಗಳದ ಮಣ್ಣಿನ ಬಗೆ, ಬಿಸಿಲು ಬೀಳುವ ವೇಳೆ ಹಾಗೂ ಲಭ್ಯವಿರುವ ನೀರಿನ ವಿವರವನ್ನು ಮೊದಲೇ ಬರೆದುಕೊಂಡು ಬಂದಲ್ಲಿ ಸೂಕ್ತ ಗಿಡವನ್ನು ಆರಿಸಿಕೊಳ್ಳಲು ಅನುಕೂಲವಾಗುತ್ತದೆ.