ಮಕ್ಕಳ ಕೆಮ್ಮಿನ ಬೇರು ಹುಡುಕಿದ ಡಾ. ಡೊರೊಥಿ ಆಂಡರ್ಸನ್

ಹುಟ್ಟಿದ ಕೆಲವೇ ತಿಂಗಳಲ್ಲಿ ಶುರುವಾಗಿ ಯಾವ ಔಷಧಕ್ಕೂ ಬಗ್ಗದ ಕೆಮ್ಮು, ಮರುಕಳಿಸುವ ನ್ಯುಮೋನಿಯಾ, ಎಷ್ಟು ಉಣಿಸಿದರೂ ಮೈಗೆ ಹತ್ತದ ಆಹಾರ. 1930ರ ದಶಕದಲ್ಲಿ ಇಂಥ ಮಕ್ಕಳಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತುವ ಮುನ್ನವೇ ಸಾಯುತ್ತಿದ್ದರು. ಈ ಕಾಯಿಲೆಗೆ ಮೊದಲ ಸಮಗ್ರ ವಿವರಣೆ ನೀಡಿದವರು ಅಮೆರಿಕದ ವೈದ್ಯೆ ಡಾ. ಡೊರೊಥಿ ಹ್ಯಾನ್ಸಿನ್ ಆಂಡರ್ಸನ್.

1901ರ ಮೇ 15ರಂದು ನಾರ್ತ್ ಕೆರೊಲಿನಾದ ಆಶ್‌ವಿಲ್‌ನಲ್ಲಿ ಜನಿಸಿದ ಅವರು ಹದಿಹರೆಯದಲ್ಲೇ ತಂದೆಯನ್ನು, 1920ರಲ್ಲಿ ತಾಯಿಯನ್ನು ಕಳೆದುಕೊಂಡರು. ತಮ್ಮವರೆಂಬವರಿಲ್ಲದ ಆ ಯುವತಿ ಓದು ಬಿಡಲಿಲ್ಲ. 1926ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ವೈದ್ಯಪದವಿ ಪಡೆದರು. ಶಸ್ತ್ರಚಿಕಿತ್ಸಕಿಯಾಗುವ ಹಂಬಲವಿತ್ತು; ಮಹಿಳೆಯೆಂಬ ಕಾರಣಕ್ಕೆ ಆ ಬಾಗಿಲು ಮುಚ್ಚಿತು. ಅನಿವಾರ್ಯವಾಗಿ ಪೆಥಾಲಜಿಯತ್ತ ಹೊರಳಿದ ಅವರು, 1935ರಲ್ಲಿ ನ್ಯೂಯಾರ್ಕ್‌ನ ಬೇಬೀಸ್ ಆಸ್ಪತ್ರೆ ಸೇರಿದರು.

ಅಲ್ಲಿ ಸೀಲಿಯಾಕ್ ಕಾಯಿಲೆಯಿಂದ ಸತ್ತಿದೆಯೆಂದು ದಾಖಲಾಗಿದ್ದ ಮಗುವೊಂದರ ಶವಪರೀಕ್ಷೆ ಅವರ ಕೈಗೆ ಬಂತು. ಮೇದೋಜೀರಕ ಗ್ರಂಥಿ ಗಂಟುಕಟ್ಟಿ, ನಾರುಗಟ್ಟಿತ್ತು. ಸೀಲಿಯಾಕ್‌ನಲ್ಲಿ ಹೀಗಾಗುವುದಿಲ್ಲ. ಹಳೆಯ ಶವಪರೀಕ್ಷಾ ವರದಿಗಳನ್ನೂ ವೈದ್ಯಕೀಯ ಗ್ರಂಥಗಳನ್ನೂ ಜಾಲಾಡಿ ಅಂಥದ್ದೇ ಪ್ರಕರಣಗಳನ್ನು ಕಲೆಹಾಕಿದರು. 1938ರಲ್ಲಿ 49 ಮಕ್ಕಳ ವಿವರಗಳೊಡನೆ ಪ್ರಕಟವಾದ ಪ್ರಬಂಧ, ಜೀರ್ಣಾಂಗದ ತೊಂದರೆಯೂ ಶ್ವಾಸಕೋಶದ ಸೋಂಕೂ ಒಂದೇ ರೋಗದ ಎರಡು ಮುಖಗಳೆಂದು ತೋರಿಸಿತು. ಅದೇ ಸಿಸ್ಟಿಕ್ ಫೈಬ್ರೋಸಿಸ್. ಅಂಟಂಟಾದ ಗಟ್ಟಿ ಕಫ ಶ್ವಾಸನಾಳಗಳನ್ನು ಮುಚ್ಚುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಬೀಡುಬಿಡುತ್ತದೆ. ಕೆಮ್ಮು ನಿಲ್ಲುವುದೇ ಇಲ್ಲ.

ಸತ್ತ ಮಕ್ಕಳಲ್ಲಿ ಕಾರಣ ಕಂಡರೆ ಸಾಲದು, ಬದುಕಿರುವವರನ್ನು ಉಳಿಸಬೇಕು ಎಂಬುದು ಅವರ ಮುಂದಿನ ಹಟ. ಮಕ್ಕಳ ಚಿಕಿತ್ಸೆಯಲ್ಲಿ ವಿಧಿವತ್ತಾದ ತರಬೇತಿ ಇಲ್ಲದಿದ್ದರೂ ಸಣ್ಣ ಕರುಳಿನ ರಸವನ್ನು ತೆಗೆದು ಕಿಣ್ವಗಳನ್ನು ಅಳೆಯುವ ಪರೀಕ್ಷೆಯ ಮೂಲಕ ಜೀವಂತ ಮಗುವಿನಲ್ಲೇ ರೋಗ ಪತ್ತೆಹಚ್ಚಿದರು. ಪೌಷ್ಟಿಕ ಆಹಾರ, ಕಿಣ್ವ, ಆಗಷ್ಟೇ ಬಂದಿದ್ದ ಪೆನ್ಸಿಲಿನ್ ಮೊದಲಾದ ಔಷಧಗಳನ್ನು ಬಳಸಿದರು. ರೋಗ ವಂಶಪಾರಂಪರ್ಯವಾಗಿ ಬರುತ್ತದೆಂದು 1946ರಲ್ಲಿ ಸಹೋದ್ಯೋಗಿಯೊಡನೆ ವಿವರಿಸಿದರು.

1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಬಿಸಿಲಿಗೆ ಬೆಂದಾಗ, ನಿತ್ರಾಣಗೊಂಡು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಹಲವರು ಇದೇ ರೋಗಿಗಳು. ಈ ಜಾಡು ಹಿಡಿದ ಸಹೋದ್ಯೋಗಿ ಡಾ. ಪಾಲ್ ಡಿ ಸಾಂತಾನ್ಯೇಸೆ, 1953ರಲ್ಲಿ ಇವರ ಬೆವರಿನಲ್ಲಿ ಉಪ್ಪು ವಿಪರೀತವೆಂದು ಸಾಬೀತುಪಡಿಸಿದರು. ಇಂದಿಗೂ ರೋಗ ಖಚಿತಪಡಿಸುವ ಮುಖ್ಯ ವಿಧಾನ ಬೆವರಿನ ಪರೀಕ್ಷೆಯೇ.

ಮದುವೆಯಾಗದ ಆಂಡರ್ಸನ್ ರಜೆ ದಿನಗಳಲ್ಲಿ ಮರಗೆಲಸ, ಗಾರೆಕೆಲಸ ಮಾಡಿಕೊಂಡಿದ್ದರು. ಅಸ್ತವ್ಯಸ್ತ ಉಡುಪು, ಬಿಡದ ಸಿಗರೇಟು ಟೀಕೆಗೂ ಗುರಿಯಾಗಿದ್ದವು. ಅವರ ಸಾವಿಗೆ ಕಾರಣವಾದದ್ದು ಶ್ವಾಸಕೋಶದ ಕ್ಯಾನ್ಸರ್. 1963ರ ಮಾರ್ಚ್ 3ರಂದು, 61ನೇ ವಯಸ್ಸಿನಲ್ಲಿ ಅವರು ನಿಧನರಾದರು.

ರೋಗಕ್ಕೆ ಕಾರಣವಾದ ವಂಶವಾಹಿ 1989ರಲ್ಲಿ ಪತ್ತೆಯಾಯಿತು. ಅದರ ದೋಷವನ್ನೇ ಗುರಿಯಾಗಿಸಿದ ಮೂರು ಔಷಧಗಳ ಸಂಯೋಜನೆಗೆ 2019ರಲ್ಲಿ ಅಮೆರಿಕ ಅನುಮತಿ ನೀಡಿತು. ಬಾಲ್ಯದಲ್ಲೇ ಅಳಿಯುತ್ತಿದ್ದವರು ಈಗ ನಡುವಯಸ್ಸು ಕಾಣುತ್ತಿದ್ದಾರೆ.

ಬಿಳಿಯರ ಕಾಯಿಲೆಯೆಂದು ಬಹುಕಾಲ ಬಗೆಯಲಾಗಿದ್ದ ಇದು ಭಾರತದ ಮಕ್ಕಳಲ್ಲೂ ಇದೆ. ಇಲ್ಲಿ ಬಿಡದ ಕೆಮ್ಮನ್ನು ಕ್ಷಯ ಅಥವಾ ಅಸ್ತಮಾ ಎಂದು ಭಾವಿಸಿ ವರ್ಷಗಟ್ಟಲೆ ಮದ್ದು ಕೊಡುವ ಉದಾಹರಣೆಗಳಿವೆ. ಕೆಮ್ಮಿನೊಡನೆ ತೂಕ ಏರದ, ಜಿಡ್ಡುಜಿಡ್ಡಾದ ಮಲ ಹೋಗುವ, ಮುತ್ತಿಟ್ಟರೆ ಉಪ್ಪು ತಗಲುವ ಮಗುವಿಗೆ ಬೆವರಿನ ಪರೀಕ್ಷೆ ಮಾಡಿಸುವುದು ಒಳಿತು.