ಜೀನ್ ಸರ್ವೇ ಸ್ಟಾಸ್

ಜೀನ್ ಸರ್ವೇ ಸ್ಟಾಸ್ (21 ಆಗಸ್ಟ್ 1813 – 13 ಡಿಸೆಂಬರ್ 1891) ಬೆಲ್ಜಿಯಂ ದೇಶದ ರಸಾಯನವಿಜ್ಞಾನಿ. ದೇಹದ ಅಂಗಾಂಶಗಳಲ್ಲಿ ಅಡಗಿರುವ ಸಸ್ಯಜನ್ಯ ವಿಷಗಳನ್ನು ಬೇರ್ಪಡಿಸಿ ಗುರುತಿಸುವ ವಿಧಾನವನ್ನು ರೂಪಿಸಿದವ. ಧಾತುಗಳ ಪರಮಾಣು ತೂಕಗಳನ್ನು ಅತ್ಯಂತ ನಿಖರವಾಗಿ ನಿರ್ಧರಿಸಿದವನೆಂದೂ ಪ್ರಸಿದ್ಧ.

ಆರಂಭಿಕ ಜೀವನ

ಸ್ಟಾಸ್ ಹುಟ್ಟಿದ್ದು ಲೂವೆನ್ ನಗರದಲ್ಲಿ. ವೈದ್ಯಶಾಸ್ತ್ರ ಓದಿದನಾದರೂ ಈತನ ಒಲವು ರಸಾಯನಶಾಸ್ತ್ರದ ಕಡೆಗೆ ತಿರುಗಿತು. ಪ್ಯಾರಿಸಿನಲ್ಲಿ ಜೀನ್ ಬ್ಯಾಪ್ಟಿಸ್ಟ್ ಡ್ಯೂಮಾನೊಡನೆ ಕೆಲಸ ಮಾಡಿ ಇಂಗಾಲದ ಪರಮಾಣು ತೂಕವನ್ನು ಪರಿಷ್ಕರಿಸಿದ. 1840ರಲ್ಲಿ ಬ್ರಸೆಲ್ಸಿನ ರಾಯಲ್ ಮಿಲಿಟರಿ ಶಾಲೆಯಲ್ಲಿ ಪ್ರಾಧ್ಯಾಪಕನಾದ.

ವಿಷಪತ್ತೆ

ಆರ್ಸೆನಿಕ್‌ನಂಥ ಖನಿಜ ವಿಷಗಳನ್ನು ಪತ್ತೆಹಚ್ಚುವ ಪರೀಕ್ಷೆಗಳು ಆಗಲೇ ಬಳಕೆಯಲ್ಲಿದ್ದವು. ಅಂಗಾಂಶವನ್ನು ಪೂರ್ಣವಾಗಿ ನಾಶಮಾಡಿದರೂ ಲೋಹಾಂಶ ಉಳಿಯುತ್ತಿತ್ತು. ಆದರೆ ಮಾರ್ಫೀನ್, ನಿಕೋಟಿನ್ ಮೊದಲಾದ ಆಲ್ಕಲಾಯ್ಡುಗಳು ಅಂಗಾಂಶದೊಂದಿಗೇ ನಾಶವಾಗುತ್ತಿದ್ದುದರಿಂದ ಅವುಗಳ ಬಳಕೆಯನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಬಹು ಕಷ್ಟವಾಗಿತ್ತು.

1850ರ ನವೆಂಬರ್ 20ರಂದು ಎನೋ ಪ್ರಾಂತ್ಯದಲ್ಲಿರುವ ಕೌಂಟ್ ಹಿಪೊಲೀಟ್ ಡಿ ಬೊಕಾರ್ಮೆಯ ಮನೆಯಲ್ಲಿ ಆತನ ಪತ್ನಿಯ ಸಹೋದರ ಗುಸ್ತಾವ್ ಫೂನಿ ಸತ್ತ. ವಿಷದ ಕುರುಹನ್ನು ಮರೆಮಾಚಲು ಶವಕ್ಕೆ ವಿನಿಗರ್ ಬಳಸಲಾಗಿತ್ತು. ಮೃತನ ಅಂಗಗಳ ಪರೀಕ್ಷೆಯ ಹೊಣೆ ಸ್ಟಾಸ್‌ಗೆ ಬಂತು. ಈತ ಅಂಗಾಂಶವನ್ನು ಆಮ್ಲ ಬೆರೆಸಿದ ಆಲ್ಕೊಹಾಲಿನಲ್ಲಿ ಇರಿಸಿದ. ಆಮ್ಲದೊಡನೆ ಲವಣವಾದ ಆಲ್ಕಲಾಯ್ಡು ದ್ರಾವಣಕ್ಕೆ ಇಳಿಯಿತು. ಕೊಬ್ಬು, ಪ್ರೋಟೀನ್ ಮುಂತಾದವನ್ನು ಸೋಸಿ ತೆಗೆದ ಬಳಿಕ ಕ್ಷಾರ ಸೇರಿಸಿ ಈಥರಿನೊಡನೆ ಕುಲುಕಿದ. ಕ್ಷಾರದಿಂದ ಬಿಡುಗಡೆಯಾದ ವಿಷ ಈಥರಿಗೆ ಸೇರಿತು. ಈಥರ್ ಆವಿಯಾದಾಗ ಹೊಗೆಸೊಪ್ಪಿನ ವಾಸನೆಯ ಎಣ್ಣೆಯಂಥ ದ್ರವ ಉಳಿಯಿತು. ಅದು ನಿಕೋಟಿನ್. ಅಪರಾಧ ಸಾಬೀತಾಗಿ 1851ರ ಜುಲೈನಲ್ಲಿ ಬೊಕಾರ್ಮೆಗೆ ಮರಣದಂಡನೆಯಾಯಿತು. ವಿಚಾರಣೆಗೆ ಒಳಗಾಗಿದ್ದ ಆತನ ಪತ್ನಿ ಖುಲಾಸೆಯಾದಳು.

ಜರ್ಮನಿಯ ಫ್ರೆಡ್ರಿಕ್ ಯೂಲಿಯಸ್ ಆಟೊ ಈ ವಿಧಾನವನ್ನು ಸುಧಾರಿಸಿದ್ದರಿಂದ ಇದಕ್ಕೆ ಸ್ಟಾಸ್-ಆಟೊ ವಿಧಾನ ಎಂಬ ಹೆಸರು ಬಂದಿದೆ.

ಪರಮಾಣು ತೂಕಗಳು

ಎಲ್ಲ ಧಾತುಗಳ ಪರಮಾಣು ತೂಕಗಳೂ ಹೈಡ್ರೋಜನ್ನಿನ ತೂಕದ ಪೂರ್ಣ ಗುಣಕಗಳೆಂಬುದು ವಿಲಿಯಂ ಪ್ರೌಟನ ಊಹೆ. ಸ್ಟಾಸ್ ಮೊದಲು ಇದನ್ನು ನಂಬಿದ್ದ. ಬೆಳ್ಳಿ, ಕ್ಲೋರಿನ್ ಮುಂತಾದ ಧಾತುಗಳ ಮೇಲೆ ನಡೆಸಿದ ಪ್ರಯೋಗಗಳ ಫಲಿತಾಂಶ ಇದಕ್ಕೆ ವಿರುದ್ಧವಾಗಿ ಬಂದಾಗ ಊಹೆಯನ್ನು ಕೈಬಿಟ್ಟ. ಈತ ಕೊಟ್ಟ ಬೆಲೆಗಳು ದಶಕಗಳ ಕಾಲ ಪ್ರಮಾಣವಾಗಿದ್ದವು. ಮುಂದೆ ಅಮೆರಿಕದ ಥಿಯೊಡೋರ್ ರಿಚರ್ಡ್ಸ್ ಅವುಗಳಲ್ಲಿಯೂ ಸಣ್ಣ ದೋಷಗಳನ್ನು ಕಂಡುಹಿಡಿದ.

ಕೊನೆಯ ದಿನಗಳು

ಗಂಟಲಿನ ಕಾಯಿಲೆಯಿಂದಾಗಿ ಸ್ಟಾಸ್ ಬೋಧನೆಯಿಂದ ನಿವೃತ್ತನಾಗಿ, ಟಂಕಸಾಲೆಯ ಅಧಿಕಾರಿಯಾಗಿ ಕೆಲಕಾಲ ಸೇವೆ ಸಲ್ಲಿಸಿದ. 1885ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಡೇವಿ ಪದಕ ಪಡೆದ. 1891ರಲ್ಲಿ ಬ್ರಸೆಲ್ಸಿನಲ್ಲಿ ನಿಧನನಾದ. ಇಂದು ರಕ್ತ ಮತ್ತು ಮೂತ್ರದಲ್ಲಿನ ಔಷಧಗಳನ್ನು ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್ ಮೂಲಕ ಗುರುತಿಸಲಾಗುತ್ತದೆ. ಅದಕ್ಕೆ ಮುನ್ನ ಮಾದರಿಯನ್ನು ಶುದ್ಧಗೊಳಿಸುವಾಗ ಆಮ್ಲ ಮತ್ತು ಕ್ಷಾರಗಳ ಇದೇ ತತ್ತ್ವ ಇಂದಿಗೂ ಬಳಕೆಯಲ್ಲಿದೆ.